ಡೆಂಗಿ ವಾಸಿಯಾಗಿ ಮನೆಗೆ ಬಂದ ಮೇಲೆ: ಬಿಡದ ಸುಸ್ತನ್ನು ಕಳೆದುಕೊಳ್ಳುವುದು ಹೇಗೆ?

ಜ್ವರ ಬಿಟ್ಟು ಎರಡು ದಿನವಾಯಿತು, ಪ್ಲೇಟ್‌ಲೆಟ್ ಏರಿತು, ಡಿಸ್ಚಾರ್ಜ್ ಆಯಿತು. ಮನೆಗೆ ಬಂದು ಸ್ನಾನ ಮುಗಿಸುವಷ್ಟರಲ್ಲಿ ಕಣ್ಣು ಕತ್ತಲೆ ಬಂದು ಗೋಡೆ ಹಿಡಿಯಬೇಕಾಯಿತು. ಡೆಂಗಿಯಿಂದ ಎದ್ದ ದೊಡ್ಡವರಲ್ಲಿ ಇದು ಸಾಮಾನ್ಯ. ವಾರ್ಡಿನಲ್ಲಿದ್ದಷ್ಟು ದಿನ ಎಲ್ಲರ ಬಾಯಲ್ಲೂ ಪ್ಲೇಟ್‌ಲೆಟ್ ಮಾತೇ. ಹಾಗಾಗಿ ಆ ಸಂಖ್ಯೆ ಏರಿದರೆ ಕಾಯಿಲೆ ಮುಗಿಯಿತು ಎಂದು ಮನೆಯವರು ಲೆಕ್ಕ ಹಾಕಿಬಿಡುತ್ತಾರೆ. ನಿಜದಲ್ಲಿ ಬೇಗ ಸುಧಾರಿಸುವುದೇ ಪ್ಲೇಟ್‌ಲೆಟ್. ಲಿವರ್, ಸ್ನಾಯು, ನಿದ್ದೆ, ಹಸಿವು ಹಿಂದೆ ನಿಧಾನವಾಗಿ ಬರುತ್ತವೆ. ಹಲವರಿಗೆ ಸುಸ್ತು ಕೆಲವು ವಾರ ಇರುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ.

ವೈರಸ್ ಇನ್ನೂ ಒಳಗೇ ಕೂತಿದೆಯೇ ಎಂಬ ಭಯ ಬೇಡ. ಜ್ವರ ಇಳಿಯುವ ಹೊತ್ತಿಗೆ ಅದು ರಕ್ತದಿಂದ ಬಹುಮಟ್ಟಿಗೆ ಹೋಗಿರುತ್ತದೆ. ಐಜಿಎಂ ಪರೀಕ್ಷೆ (ವೈರಸ್ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು ಹುಡುಕುವುದು) ಎರಡು ಮೂರು ತಿಂಗಳವರೆಗೂ ಪಾಸಿಟಿವ್ ಬರಬಹುದು. ಆದ್ದರಿಂದ ಸುಸ್ತು ಎಂದು ಮತ್ತೆ ಡೆಂಗಿ ಪರೀಕ್ಷೆ ಮಾಡಿಸಿ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ.

ಆಸ್ಪತ್ರೆಯಿಂದ ಹೊರಡುವ ಮುನ್ನ ಕೇಳಿಕೊಳ್ಳಿ

ಡಿಸ್ಚಾರ್ಜ್ ಚೀಟಿಯಲ್ಲಿ ಕೊನೆಯ ಪ್ಲೇಟ್‌ಲೆಟ್, ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪ್ರಮಾಣ), ಎಸ್‌ಜಿಒಟಿ–ಎಸ್‌ಜಿಪಿಟಿ (ಲಿವರ್ ಪರೀಕ್ಷೆ) ಬರೆದಿದೆಯೇ ನೋಡಿ, ಮತ್ತೆ ಯಾವಾಗ ರಕ್ತ ಪರೀಕ್ಷೆ ಎಂದು ದಿನಾಂಕ ಬರೆಸಿಕೊಳ್ಳಿ. ಇದಕ್ಕಿಂತ ಮುಖ್ಯವಾದದ್ದು, ಹೆಚ್ಚಾಗಿ ಮರೆತುಹೋಗುವುದು, ನಿಲ್ಲಿಸಿದ ಮಾತ್ರೆಗಳ ವಿಚಾರ. ಸ್ಟೆಂಟ್ ಹಾಕಿಸಿಕೊಂಡವರ ಆಸ್ಪಿರಿನ್, ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಡೆಂಗಿಯಲ್ಲಿ ನಿಲ್ಲಿಸಿರಬಹುದು. ಯಾವ ದಿನ, ಎಷ್ಟು ಪ್ಲೇಟ್‌ಲೆಟ್ ಬಂದ ಮೇಲೆ ಮತ್ತೆ ಶುರು ಮಾಡಬೇಕು ಎಂದು ಬರೆಸಿಕೊಳ್ಳದಿದ್ದರೆ ಒಬ್ಬರು ಅದೇ ಸಂಜೆ ನುಂಗುತ್ತಾರೆ, ಇನ್ನೊಬ್ಬರು ತಿಂಗಳಾದರೂ ಮುಟ್ಟುವುದಿಲ್ಲ. ಎರಡೂ ಅಪಾಯ.

ಮೊದಲ ನಾಲ್ಕೈದು ದಿನ

ಡೆಂಗಿಯಲ್ಲಿ ರಕ್ತನಾಳದಿಂದ ಸೋರಿದ್ದ ನೀರು ಈಗ ಮರಳಿ ರಕ್ತಕ್ಕೆ ಸೇರುತ್ತಿರುತ್ತದೆ. ಮೂತ್ರ ಹೆಚ್ಚು ಹೋಗುವುದು ಒಳ್ಳೆಯ ಲಕ್ಷಣ. ನಾಡಿ ಸ್ವಲ್ಪ ನಿಧಾನವಾಗುವುದೂ ಉಂಟು. ಆದರೆ ಕಾಲು ಊದಿ, ಮಲಗಿದರೆ ಉಸಿರು ಕಟ್ಟಿದಂತಾದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಹಾಸಿಗೆಯಿಂದ ಏಳುವಾಗ ಒಂದೆರಡು ನಿಮಿಷ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಆಮೇಲೆ ನಿಲ್ಲಿ. ಬಚ್ಚಲಲ್ಲಿ ಸ್ಟೂಲ್ ಹಾಕಿಕೊಂಡು ಸ್ನಾನ ಮಾಡಿ. ನೀರು ಸುಡುವಷ್ಟು ಬಿಸಿ ಬೇಡ, ತಲೆ ಸುತ್ತು ಹೆಚ್ಚುತ್ತದೆ. ಚಿಲಕ ಹಾಕಿಕೊಳ್ಳಬೇಡಿ. ದಿನಕ್ಕೆ ಎರಡು ಲೀಟರಿನಷ್ಟು ನೀರು, ಮಜ್ಜಿಗೆ, ತಿಳಿಸಾರು ಒಳಗೆ ಹೋಗಲಿ. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು ಈ ಅಳತೆಯನ್ನೂ ಎಳನೀರನ್ನೂ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಅಂಗೈ, ಅಂಗಾಲು ತುರಿಸಿ, ಕೆಂಪು ಚರ್ಮದ ನಡುವೆ ಬಿಳಿ ಚುಕ್ಕೆ ಕಂಡರೆ ಅದು ಚೇತರಿಕೆಯ ದದ್ದು. ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಡ್ರಿಪ್ ಹಾಕಿದ್ದ ಕೈಯ ನರ ಗಟ್ಟಿಯಾಗಿ ನೋಯುತ್ತಿದ್ದರೆ ಬೆಚ್ಚನೆ ಬಟ್ಟೆಯ ಶಾಖ ಸಾಕು. ಕೀವು, ಜ್ವರ ಕಂಡರೆ ತೋರಿಸಿ.

ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಮಾತ್ರ: 650 ಮಿ.ಗ್ರಾಂ ಮಾತ್ರೆ, ಕನಿಷ್ಠ 6 ಗಂಟೆ ಅಂತರ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಎಸ್‌ಜಿಪಿಟಿ ತುಂಬಾ ಏರಿದ್ದವರು ಎಷ್ಟು ತೆಗೆದುಕೊಳ್ಳಬಹುದೆಂದು ಮೊದಲೇ ಕೇಳಿ. ನೆಗಡಿ ಮಾತ್ರೆಯಲ್ಲೂ ಇದೇ ಔಷಧಿ ಸೇರಿರುತ್ತದೆ, ಲೆಕ್ಕಕ್ಕೆ ಹಿಡಿಯಿರಿ. ಐಬುಪ್ರೊಫೆನ್, ಡೈಕ್ಲೊಫಿನಾಕ್ ಸದ್ಯಕ್ಕೆ ದೂರ. ಮದ್ಯ, ಹೆಸರಿಲ್ಲದ ಕಷಾಯ ಪುಡಿಗಳು ಲಿವರ್ ಪರೀಕ್ಷೆ ಸರಿಹೋಗುವವರೆಗೆ ಬೇಡ. ಪಪ್ಪಾಯ ಎಲೆ ರಸ? ಪ್ಲೇಟ್‌ಲೆಟ್ ಆಗಲೇ ಏರುತ್ತಿರುವಾಗ ಅದರಿಂದ ಗಿಟ್ಟುವುದೇನೂ ಇಲ್ಲ. ಕಹಿಗೆ ವಾಂತಿಯಾದರೆ ಕುಡಿದ ನೀರೂ ಹೋಯಿತು.

ನಡಿಗೆ ಶುರು ಮಾಡುವ ಕ್ರಮ

ಹೆಚ್ಚಿನವರು ಎಡವುವುದು ಇಲ್ಲೇ. ಒಂದು ದಿನ ಮೈ ಹಗುರ ಅನ್ನಿಸುತ್ತದೆ. ಬಾಕಿ ಬಿದ್ದ ಬಟ್ಟೆ ಒಗೆದು, ಮನೆ ಒರೆಸಿ, ಬ್ಯಾಂಕಿಗೂ ಹೋಗಿ ಬರುತ್ತಾರೆ. ಮಾರನೆಯ ದಿನ ಅಥವಾ ಅದರ ಮರುದಿನ ಹಾಸಿಗೆ ಹಿಡಿಯುತ್ತಾರೆ. ದಣಿವು ತಡವಾಗಿ ಬರುವುದರಿಂದ ಯಾವುದರಿಂದ ಬಂತೆಂದೂ ಹೊಳೆಯುವುದಿಲ್ಲ.

ಹಾಗಾಗಿ ಒಂದು ನೋಟ್‌ಬುಕ್ ಇಡಿ. ದಿನಕ್ಕೆ ಒಂದು ಸಾಲು ಸಾಕು: ಎಷ್ಟು ನಡೆದೆ, ಏನು ಕೆಲಸ ಮಾಡಿದೆ, ಸುಸ್ತು ಹತ್ತಕ್ಕೆ ಎಷ್ಟು. ತಲೆಸುತ್ತು ನಿಂತ ಮೇಲೆ ಬೆಳಿಗ್ಗೆ 5 ನಿಮಿಷ, ಸಂಜೆ 5 ನಿಮಿಷ ಸಮತಟ್ಟು ಜಾಗದಲ್ಲಿ ನಡೆಯಿರಿ. ನಡೆಯುತ್ತಲೇ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಆಗದಿದ್ದರೆ ವೇಗ ಹೆಚ್ಚಾಯಿತು. ಮೂರು ದಿನ ಸುಸ್ತಿನ ಅಂಕಿ ಏರದಿದ್ದರೆ ಎರಡು ನಿಮಿಷ ಸೇರಿಸಿ. ಏರಿದರೆ ಅರ್ಧಕ್ಕೆ ಇಳಿಸಿ, ಮತ್ತೆ ಮೂರು ದಿನ ನೋಡಿ. ಮೆಟ್ಟಿಲು, ಭಾರ ಎತ್ತುವುದು, ಜಿಮ್ ಎಲ್ಲ ಅರ್ಧ ಗಂಟೆ ನಡಿಗೆ ನೀರು ಕುಡಿದಷ್ಟು ಸುಲಭವಾದ ಮೇಲೆ.

ಕಚೇರಿ ಕೆಲಸಕ್ಕೆ ಹೋಗುವವರಾದರೆ ಮೊದಲ ವಾರ ಅರ್ಧ ದಿನ ಕೇಳಿಕೊಳ್ಳಿ. ಗದ್ದೆ, ತೋಟದ ಕೆಲಸದವರಿಗೆ ಇಂಥ ಸೌಲಭ್ಯವಿಲ್ಲ. ಅವರು ಬಿಸಿಲೇರುವ ಮುಂಚಿನ ಒಂದು ಗಂಟೆಯಿಂದ ತೊಡಗಬೇಕು.

ಊಟದಲ್ಲಿ ಆಗುವ ತಪ್ಪು ಒಂದೇ, ವಾರಗಟ್ಟಲೆ ಬರೀ ಗಂಜಿ. 60 ಕೆ.ಜಿ. ತೂಕದವರಿಗೆ ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನ್ ಬೇಕು, ಬಟ್ಟಲು ಗಂಜಿಯಲ್ಲಿ ಎರಡು ಮೂರು ಗ್ರಾಂ ಸಿಕ್ಕರೆ ಹೆಚ್ಚು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಲೋಟ ಹಾಲಿನಲ್ಲೂ ಅಷ್ಟೇ. ಗಟ್ಟಿ ತೊವ್ವೆ, ಮೊಳಕೆ ಕಾಳಿನ ಸಾರು, ಮೊಸರು, ಮೀನು ಸೇರಿಸಿ ದಿನಕ್ಕೆ ಐದಾರು ಬಾರಿ ಸ್ವಲ್ಪ ಸ್ವಲ್ಪ ತಿನ್ನಿ.

ಎರಡು ಮೂರು ತಿಂಗಳಿಗೆ ಬಾಚಣಿಗೆ ತುಂಬ ಕೂದಲು ಬಂದರೆ ಹೊಸ ರೋಗವಲ್ಲ. ಜ್ವರದ ಹೊಡೆತಕ್ಕೆ ಒಟ್ಟಿಗೇ ವಿಶ್ರಾಂತಿಗೆ ಸರಿದ ಕೂದಲು ಆಗ ಉದುರುತ್ತದೆ, ಸಾಮಾನ್ಯವಾಗಿ ಆರು ತಿಂಗಳೊಳಗೆ ನಿಲ್ಲುತ್ತದೆ. ದುಬಾರಿ ಎಣ್ಣೆಗೆ ದುಡ್ಡು ಸುರಿಯಬೇಕಿಲ್ಲ. ಎರಡು ವಾರ ಮೀರಿ ಮನಸ್ಸು ಮಂಕಾಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ವೈದ್ಯರಿಗೆ ಅದನ್ನೂ ಹೇಳಿ.

ಯಾವಾಗ ಕಾಯಬಾರದು

ಜ್ವರ ಮತ್ತೆ 100.4 ಡಿಗ್ರಿ ದಾಟಿದರೆ, ಹೊಟ್ಟೆ ತೀವ್ರ ನೋವು, ನಿಲ್ಲದ ವಾಂತಿ, ಕಪ್ಪು ಮಲ, ವಸಡಿನ ರಕ್ತ, ಮುಟ್ಟಿನಲ್ಲಿ ವಿಪರೀತ ರಕ್ತಸ್ರಾವ, ಎದೆನೋವು, ಉಸಿರಾಟದ ಕಷ್ಟ, ಕಣ್ಣು ಹಳದಿ, ಮಾತು ತಡವರಿಸುವುದು ಕಂಡರೆ ಅದೇ ದಿನ ಆಸ್ಪತ್ರೆ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಆರು ವಾರವಾದರೂ ಸುಸ್ತು ಇಳಿಯದಿದ್ದರೆ ಎಲ್ಲವನ್ನೂ ಡೆಂಗಿಯ ತಲೆಗೆ ಕಟ್ಟಬೇಡಿ. ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ಲಿವರ್, ಕ್ರಿಯೆಟಿನಿನ್ (ಮೂತ್ರಪಿಂಡದ ಪರೀಕ್ಷೆ), ಬಿ12 ಪರೀಕ್ಷಿಸಿದರೆ ಮೊದಲಿನಿಂದಲೂ ಇದ್ದ ರಕ್ತಹೀನತೆಯೋ ಸಕ್ಕರೆ ಕಾಯಿಲೆಯೋ ಸಿಗುವುದುಂಟು. ಬೆರಳು, ಮಣಿಕಟ್ಟಿನ ಗಂಟುಗಳು ಊದಿ ಬೆಳಿಗ್ಗೆ ಮಡಚಲು ಬಾರದಿದ್ದರೆ ಚಿಕೂನ್‌ಗುನ್ಯ ಕೂಡ ಜೊತೆಗೆ ಬಂದಿತ್ತೇ ಎಂದು ಕೇಳಿ, ಎರಡನ್ನೂ ಹರಡುವುದು ಒಂದೇ ಜಾತಿಯ ಸೊಳ್ಳೆ. ಹೋಗುವಾಗ ಆ ನೋಟ್‌ಬುಕ್ ಕೈಯಲ್ಲಿರಲಿ.