ಪಿಡಿಎಫ್ ಬದಲು ವಿನ್‌ಮೇಲ್ ಡಾಟ್ ಡ್ಯಾಟ್ ಬರುತ್ತಿದ್ದರೆ

ಕೋಲಾರದ ಟೊಮೆಟೊ ಮಂಡಿಯಲ್ಲಿ ಮೇಲ್ ನೋಡಲು ನಾವು ಬಳಸೋದು ಥಂಡರ್‌ಬರ್ಡ್ ಅನ್ನೋ ಪ್ರೋಗ್ರಾಂ. ಹೊರರಾಜ್ಯದ ಖರೀದಿದಾರರು ಔಟ್‌ಲುಕ್ ಅನ್ನೋ ಮೈಕ್ರೋಸಾಫ್ಟ್ ಮೇಲ್ ಪ್ರೋಗ್ರಾಂನಿಂದ ಆರ್ಡರ್ ಕಳಿಸಿದರೆ ಪಿಡಿಎಫ್ ಜಾಗದಲ್ಲಿ 'ವಿನ್‌ಮೇಲ್ ಡಾಟ್ ಡ್ಯಾಟ್' ಅಂತ ಒಂದೇ ಫೈಲ್ ಬರುತ್ತಿತ್ತು, ಅವರ ಆಫೀಸಿನೊಳಗೆ ಅದೇ ಮೇಲ್ ಸರಿಯಾಗೇ ಕಾಣುತ್ತಿತ್ತು.

ಥಂಡರ್‌ಬರ್ಡ್ ಮತ್ತೆ ಹಾಕಿದ್ದು, ಮೇಲ್ ಇಳಿಸಿಕೊಳ್ಳುವ ವಿಧಾನವನ್ನು ಐಮ್ಯಾಪ್‌ನಿಂದ ಪಾಪ್‌ಗೆ ಬದಲಿಸಿದ್ದು, ಫೈಲಿನ ಹೆಸರು ಬದಲಿಸಿದ್ದು ಯಾವುದರಿಂದಲೂ ಸರಿಹೋಗಲಿಲ್ಲ. ನಮ್ಮ ಸಪೋರ್ಟ್‌ನವರು ಅವರ ಕಡೆ ಕೈ ತೋರಿಸಿದರು, ಅವರ ಐಟಿಯವರು ನಮ್ಮ ಕಡೆ.

ಮೇಲ್ ತೆರೆದು ಕಂಟ್ರೋಲ್ ಯು ಒತ್ತಿ. ಆಗ ಕಾಣುವ ಸೋರ್ಸ್‌ನಲ್ಲಿ (ಮೇಲಿನ ಮೂಲ ಪಠ್ಯ) 'ಅಪ್ಲಿಕೇಶನ್/ಎಂಎಸ್-ಟಿಎನ್ಇಎಫ್' ಅಂತಿದ್ದರೆ ಕಳಿಸುವಾಗಲೇ ಪಿಡಿಎಫ್ ಔಟ್‌ಲುಕ್‌ನದೇ ಆದ 'ರಿಚ್ ಟೆಕ್ಸ್ಟ್' ರೂಪದ ಪೊಟ್ಟಣದೊಳಗೆ ಸೇರಿಕೊಂಡಿದೆ ಅಂತ ಅರ್ಥ. ಸ್ಕ್ರೀನ್‌ಶಾಟ್ ಸುಮ್ನೆ ದಂಡ. ಮೇಲನ್ನು ಇಎಂಎಲ್ ಫೈಲಾಗಿ (ಇಡೀ ಮೇಲ್ ಇದ್ದ ಹಾಗೇ ಉಳಿಯುವ ಫೈಲ್) ಸೇವ್ ಮಾಡಿ, ಜಿಪ್ ಮಾಡಿ, ಮೆಸೇಜ್ ಐಡಿ (ಸೋರ್ಸ್‌ನಲ್ಲಿ ಕಾಣುವ ಆ ಮೇಲಿನ ಗುರುತು) ಮತ್ತು ಎರಡೂ ಕಡೆಯ ಟಿಕೆಟ್ ನಂಬರ್ ಬರೆದು ಇಬ್ಬರಿಗೂ ಒಂದೇ ಮೇಲಿನಲ್ಲಿ ಕಳಿಸಿ. ಆಗ ಮಾತ್ರ ಇಬ್ಬರೂ ಒಂದೇ ವಿಷಯ ನೋಡುತ್ತಾರೆ.

ಆಮೇಲೆ ಕಳಿಸುವವರ ಕಡೆ, ಇದೇ ಕ್ರಮದಲ್ಲಿ: ಕ್ಲಾಸಿಕ್ (ಹಳೆ ಮಾದರಿಯ) ಔಟ್‌ಲುಕ್‌ನಲ್ಲಿ ಫೈಲ್, ಆಪ್ಷನ್ಸ್, ಮೇಲ್, ಕೆಳಗೆ ಮೆಸೇಜ್ ಫಾರ್ಮ್ಯಾಟ್‌ನಲ್ಲಿ 'ಕನ್ವರ್ಟ್ ಟು ಎಚ್‌ಟಿಎಂಎಲ್ ಫಾರ್ಮ್ಯಾಟ್'. ಅಲ್ಲಿಗೇ ನಿಲ್ಲಬೇಡಿ. ಅವರ ಐಟಿಯವರಿಂದ ಎಕ್ಸ್‌ಚೇಂಜ್ ಅಡ್ಮಿನ್ ಸೆಂಟರ್ (ಅವರ ಮೇಲ್ ಸರ್ವರ್‌ನ ಸೆಟ್ಟಿಂಗ್ ಪುಟ), ಮೇಲ್ ಫ್ಲೋ, ರಿಮೋಟ್ ಡೊಮೈನ್ಸ್, ಡೀಫಾಲ್ಟ್, ಅದರಲ್ಲಿ ರಿಚ್ ಟೆಕ್ಸ್ಟ್ 'ನೆವರ್' ಮಾಡಿಸಿ. ಅದು 'ಆಲ್ವೇಸ್' ಇದ್ದರೆ ಔಟ್‌ಲುಕ್‌ನಲ್ಲಿ ಏನು ಬದಲಿಸಿದರೂ ಪ್ರಯೋಜನವಿಲ್ಲ. ಪರೀಕ್ಷೆಗೆ ಹಳೆ ಮೇಲ್ ಫಾರ್ವರ್ಡ್ ಬೇಡ, ಹೊಸದಾಗಿ ಬರೆದು ಕಳಿಸಲು ಹೇಳಿ.