ಅರಬ್ಬಿ ಮಾತಾಡುವವರ ಇಂಗ್ಲಿಷ್ ತಿದ್ದುವುದು ಹೇಗೆ

ಒಂದೇ ಪುಟದಲ್ಲಿ ‘ಫೈವ್ ಬುಕ್ಸ್’ ಅಂತ ಸರಿಯಾಗಿ ಬರೆದವರು ಎರಡು ಸಾಲು ಬಿಟ್ಟು ‘ಟ್ವೆಂಟಿ ಬುಕ್’ ಅಂತ ಬರೆದಿದ್ದರು. ಗಮನವಿಲ್ಲ ಅಂದುಕೊಂಡು ಸುಮ್ನೆ ಕೆಂಪು ಗೀಟು ಎಳೆದೆ. ಆಮೇಲೆ ಗೊತ್ತಾಯಿತು: ಅರಬ್ಬಿಯಲ್ಲಿ 3ರಿಂದ 10ರವರೆಗೆ ಎಣಿಸಿದರೆ ಬಹುವಚನ, 11ರಿಂದ 99ರವರೆಗೆ ಏಕವಚನ. ಪಾಪ, ಅವರು ನಿಯಮ ತಪ್ಪಿರಲೇ ಇಲ್ಲ.

ಅಂದಿನಿಂದ ಮೊದಲ ಸಲ ಓದುವಾಗ ನಾನು ಪೆನ್ನು ಮುಟ್ಟುವುದಿಲ್ಲ. ನೀವೂ ಹಾಗೇ ಮಾಡಿ. ಮತ್ತೆ ಮತ್ತೆ ಬರುವ ತಪ್ಪು ಯಾವುದು ಅಂತ ನೋಡಿ, ಒಂದು ಸಲಕ್ಕೆ ಅದೊಂದನ್ನೇ ಹಿಡಿಯಿರಿ.

‘ಹಿ ಡಾಕ್ಟರ್’ ಕಂಡರೆ ನಗಬೇಡಿ. ನಾವೂ ‘ಅವನು ಡಾಕ್ಟರ್’ ಅಂತಲೇ ಹೇಳೋದು, ಅಲ್ವಾ? ಅರಬ್ಬಿಯಲ್ಲಿ ‘ಹುವ ತಬೀಬ್’. ‘ಈಸ್’ಗೂ ಜಾಗವಿಲ್ಲ, ‘ಎ’ಗೂ ಇಲ್ಲ. ಆದರೆ ಇಂಗ್ಲಿಷಿನ ‘ದ’ಗೆ ಸಮನಾದ ‘ಅಲ್’ ಇದೆ, ಅದೂ ಧಾರಾಳವಾಗಿ. ಬದುಕಿಗೆ ‘ಅಲ್-ಹಯಾತ್’ ಅನ್ನುವ ಅಭ್ಯಾಸದಿಂದ ‘ದ ಲೈಫ್ ಈಸ್ ಡಿಫಿಕಲ್ಟ್’ ಬರುತ್ತದೆ.

‘ದ ಬುಕ್ ದಟ್ ಐ ರೆಡ್ ಇಟ್’ ಸಿಕ್ಕರೆ ‘ಇಟ್’ ಹೊಡೆದು ಹಾಕಬೇಡಿ. ‘ಬುಕ್’ನಿಂದ ‘ಇಟ್’ಗೆ ಒಂದು ಗೆರೆ ಎಳೆದು ತೋರಿಸಿ. ಅರಬ್ಬಿಯಲ್ಲಿ ‘ಓದಿದೆ’ ಅನ್ನುವ ಕ್ರಿಯಾಪದಕ್ಕೆ ‘ಹು’ ಅಂಟಿಸಿ ‘ಅದನ್ನು’ ಅಂತ ಇನ್ನೊಮ್ಮೆ ಹೇಳುತ್ತಾರೆ. ಗೆರೆ ಕಂಡ ಕೂಡಲೇ ಬರೆದವರಿಗೇ ಹೊಳೆಯುತ್ತದೆ.

ಸ್ಪೆಲ್ಲಿಂಗ್‌ನಲ್ಲಿ ಜಾಸ್ತಿ ಎಡವುವುದು ಸ್ವರಗಳಲ್ಲಿ. ಅರಬ್ಬಿ ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ‘ಕತಬ’ ಅಂದರೆ ಬರೆದನು, ‘ಕುತುಬ್’ ಅಂದರೆ ಪುಸ್ತಕಗಳು. ಎರಡಕ್ಕೂ ಅದೇ ಮೂರು ಅಕ್ಷರ. ಜೊತೆಗೆ ‘ಪ’ ಇಲ್ಲದ ಕಾರಣ ‘ಬ’ ನುಸುಳುತ್ತದೆ. ಕ್ಯಾಪಿಟಲ್ ಅಕ್ಷರವೂ ಇಲ್ಲ. ಇವನ್ನೆಲ್ಲ ಕೊನೆಗೆ ನೋಡಿಕೊಳ್ಳಿ.

ನಿಜವಾದ ಕಷ್ಟ ‘ಆ್ಯಂಡ್’ನದು. ಅರಬ್ಬಿಯಲ್ಲಿ ‘ವ’ (ಅಂದರೆ ‘ಮತ್ತು’) ಅಂತ ವಾಕ್ಯ ಶುರು ಮಾಡುವುದು, ಅದರಿಂದಲೇ ಇಡೀ ಪ್ಯಾರಾ ಪೋಣಿಸುವುದು ಒಳ್ಳೆಯ ಬರವಣಿಗೆ. ಒಮ್ಮೆ ಅಂಥ ಪ್ಯಾರಾವನ್ನು ಏಳು ತುಂಡು ಮಾಡಿ ಕೊಟ್ಟೆ. ಬರೆದವರು ಓದಿ, “ಮೇಡಂ, ಇದು ಟೆಲಿಗ್ರಾಂ ಥರ ಇದೆ” ಅಂದರು. ನಿಜವೇ. ಈಗ ನಾನು ಫುಲ್‌ಸ್ಟಾಪ್ ಹಾಕುವುದಿಲ್ಲ. ಪ್ರತಿ ‘ಆ್ಯಂಡ್’ಗೂ ಸುತ್ತು ಹಾಕಿ, “ಇಲ್ಲಿ ನಿಮ್ಮ ಮನಸ್ಸಿನಲ್ಲಿದ್ದದ್ದು ‘ಆದ್ದರಿಂದ’ವೋ, ‘ಆದರೆ’ಯೋ, ‘ಆಮೇಲೆ’ಯೋ?” ಅಂತ ಕೇಳುತ್ತೇನೆ. ಮುಂದಿನದನ್ನು ಅವರೇ ತಿದ್ದುತ್ತಾರೆ.