ಮಗುವನ್ನ ಮೊದಲ ದೊಡ್ಡ ಬೇಟೆಗೆ ಕರ್ಕೊಂಡು ಹೋಗೋ ಮುಂಚೆ

ಮೊದ್ಲೇ ಹೇಳ್ಬಿಡ್ತೀನಿ, ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಪ್ರಾಣಿ ಶಿಕಾರಿ ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಈ ಬರಹ ಅಮೆರಿಕ, ಕೆನಡಾ, ಫಿನ್‌ಲ್ಯಾಂಡ್ ಥರ ಲೈಸೆನ್ಸ್ ತಗೊಂಡು, ಸೀಸನ್ ನೋಡ್ಕೊಂಡು ಕಾನೂನು ಪ್ರಕಾರ ಬೇಟೆ ಆಡೋಕೆ ಅವಕಾಶ ಇರೋ ಕಡೆ ಇರೋ ಅಪ್ಪ ಅಮ್ಮಂದಿರಿಗೆ. ಮನೇಲಿ ಮಗು "ನಾನೂ ಬರ್ತೀನಿ" ಅಂತ ಹಠ ಹಿಡಿದಿದೆ, ಅದೂ ಮೊಲ ಗಿಲ ಅಲ್ಲ, ಜಿಂಕೆ, ಜಿಂಕೆ ಜಾತಿಯ ಭಾರೀ ಪ್ರಾಣಿಗಳಾದ ಎಲ್ಕ್, ಮೂಸ್ ಥರ ದೊಡ್ಡ ಪ್ರಾಣಿಗೆ, ಈಗೇನ್ ಮಾಡೋದು ಅಂತ ಯೋಚನೆ ಮಾಡ್ತಿರೋರಿಗೆ.

ಹೆಚ್ಚಿನವರು ಶುರು ಮಾಡೋದೇ ಯಾವ ರೈಫಲ್ ಕೊಡಿಸ್ಲಿ ಅನ್ನೋದ್ರಿಂದ. ಅದು ಆಮೇಲೆ. ಮೊದ್ಲು ಮಗುಗೆ ನಿಜವಾಗ್ಲೂ ಇಷ್ಟ ಇದ್ಯಾ, ಇಲ್ಲಾ ನಿಮ್ಮ ಇಷ್ಟನ ಅದರ ತಲೆ ಮೇಲೆ ಹೇರ್ತಿದೀರಾ ನೋಡ್ಕೊಳಿ. ಸುಲಭದ ಪರೀಕ್ಷೆ ಒಂದಿದೆ, ಒಂದು ಸೀಸನ್ ಪೂರ್ತಿ ಗನ್ ಕೊಡದೆ ಬರೀ ಜೊತೇಲಿ ಕರ್ಕೊಂಡು ಹೋಗಿ. ಬೈನಾಕ್ಯುಲರ್ ಕೊಡಿ, ಹೆಜ್ಜೆ ಗುರುತು, ಹಿಕ್ಕೆ, ಮರಕ್ಕೆ ಕೊಂಬು ಉಜ್ಜಿರೋ ಜಾಗ ತೋರ್ಸಿ, ಚಳೀಲಿ ಕತ್ತಲಲ್ಲಿ ಎದ್ದು ಬರ್ಲಿ, ಗಂಟೆಗಟ್ಲೆ ಏನೂ ಕಾಣದೆ ವಾಪಸ್ ಬರ್ಲಿ, ನೀವು ಹೊಡೆದ ಪ್ರಾಣಿ ಸಾಯೋದನ್ನ, ಅದನ್ನ ಕೊಯ್ಯೋದನ್ನ ನೋಡ್ಲಿ. ಇಷ್ಟಾದ ಮೇಲೂ ಮುಂದಿನ ವರ್ಷ ಅದೇ ಬಂದು ಕೇಳಿದ್ರೆ ಸರಿ, ಕೇಳದಿದ್ರೆ ನೀವೂ ಸುಮ್ನಿರಿ.

ವಯಸ್ಸಿನ ವಿಷ್ಯ ಒಂದೊಂದು ಕಡೆ ಒಂದೊಂದು ಥರ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ದೊಡ್ಡ ಪ್ರಾಣಿಗೆ 12 ತುಂಬಿರ್ಬೇಕು, 12ರಿಂದ 15ರವರೆಗೆ ಜೊತೇಲಿ ದೊಡ್ಡವರೊಬ್ಬರು ಕಣ್ಣಿಗೆ ಕಾಣೋ ಕಿವಿಗೆ ಕೇಳೋ ಅಷ್ಟು ಹತ್ರಾನೇ ಇರ್ಬೇಕು. ಅಲ್ಲಿಯದೇ ಇನ್ನೊಂದು ರಾಜ್ಯ ವಿಸ್ಕಾನ್ಸಿನ್‌ನಲ್ಲಿ ಮೆಂಟರ್, ಅಂದ್ರೆ ಕಲಿಸೋ ದೊಡ್ಡವರ, ಜೊತೆ ಹೋಗೋದಾದ್ರೆ 2017ರಿಂದ ಕನಿಷ್ಠ ವಯಸ್ಸು ಅನ್ನೋದೇ ಇಲ್ಲ. ಜರ್ಮನಿಯಲ್ಲಿ ಯುವಕರ ಲೈಸೆನ್ಸ್ ಸಿಗೋದೇ 16ಕ್ಕೆ. ಆದ್ರೆ ಕಾನೂನು ಹೇಳೋ ವಯಸ್ಸು ಬಂತು ಅಂದ ತಕ್ಷಣ ಮಗು ರೆಡಿ ಅಂತಲ್ಲ, ಹನ್ನೊಂದಕ್ಕೇ ಗಂಭೀರವಾಗಿರೋ ಮಕ್ಳಿದಾರೆ, ಹದಿನೈದಾದ್ರೂ ಹತ್ತು ನಿಮಿಷ ಕೂರಕ್ಕಾಗ್ದೇ ಇರೋರೂ ಇದಾರೆ. ನನ್ನ ಲೆಕ್ಕದಲ್ಲಿ ಒಂದೇ ಅಳತೆ, ನೀವು ಬೇಡ ಅಂದಾಗ ಎದುರು ಮಾತಾಡ್ದೆ ತಕ್ಷಣ ನಿಲ್ಲಿಸೋ ಮಗುಗೆ ಮಾತ್ರ ಗನ್.

ಸುರಕ್ಷಿತವಾಗಿ ಬೇಟೆ ಆಡೋದನ್ನ ಕಲಿಸೋ ಹಂಟರ್ ಎಜುಕೇಶನ್ ಕೋರ್ಸ್‌ನ ಶಾಸ್ತ್ರಕ್ಕೆ ಅಂತ ಮುಗಿಸ್ಬೇಡಿ. ಅಮೆರಿಕದಲ್ಲಿ ಇದನ್ನ ಮೊದಲು ಕಡ್ಡಾಯ ಮಾಡಿದ್ದು ನ್ಯೂಯಾರ್ಕ್ ರಾಜ್ಯ, 1949ರಲ್ಲಿ, ಈಗ ಎಲ್ಲಾ ರಾಜ್ಯಗಳಲ್ಲೂ ಒಂದಲ್ಲ ಒಂದು ರೂಪದಲ್ಲಿದೆ. ಆನ್‌ಲೈನ್ ಇದ್ರೂ ಆದಷ್ಟು ಕ್ಲಾಸಿಗೆ ಕೂತು ಮಾಡೋದನ್ನೇ ತಗೊಳಿ, ನೀವೂ ಪಕ್ಕದಲ್ಲಿ ಕೂತ್ಕೊಳಿ. ಅಪ್ಪ ಹೇಳಿದ್ದು ಒಂದು ಕಿವೀಲಿ ಕೇಳಿ ಇನ್ನೊಂದರಲ್ಲಿ ಬಿಡೋ ಮಗು ಹೊರಗಿನ ಮೇಷ್ಟ್ರು ಅದನ್ನೇ ಹೇಳಿದ್ರೆ ಗಮನ ಇಟ್ಟು ಕೇಳತ್ತೆ, ಯಾಕೋ ಏನೋ.

ಅಲ್ಲಿ ಹೇಳಿಕೊಡೋ ನಾಲ್ಕು ನಿಯಮ ಮನೇಲಿ ಉಸಿರಾಟದಷ್ಟು ಸಹಜ ಆಗ್ಬೇಕು. ಪ್ರತಿ ಗನ್ನೂ ಲೋಡ್ ಆಗಿದೆ ಅಂತಲೇ ಹಿಡೀಬೇಕು, ಹೊಡೀಬಾರ್ದ ಯಾವುದರ ಕಡೆಗೂ ನಳಿಗೆ ತಿರುಗಿಸ್ಬಾರ್ದು, ಗುರಿ ಇಟ್ಟು ಹೊಡೀಬೇಕು ಅಂತ ನಿರ್ಧಾರ ಆಗೋವರೆಗೂ ಬೆರಳು ಟ್ರಿಗರ್ ಗಾರ್ಡಿನ ಹೊರಗೇ, ಗುರಿ ಏನು ಅದರ ಹಿಂದೆ ಏನಿದೆ ಎರಡೂ ಗೊತ್ತಿರ್ಬೇಕು. ನಾಲ್ಕನೇದು ಮಕ್ಳಿಗೆ ಕಷ್ಟ, ಯಾಕಂದ್ರೆ ಪ್ರಾಣಿ ಕಂಡ ತಕ್ಷಣ ಬೇರೇನೂ ಕಾಣಲ್ಲ. ಅದಕ್ಕೇ ಸುಮ್ನೆ ವಾಕಿಂಗ್ ಹೋದಾಗ್ಲೂ "ಅಲ್ಲೊಂದು ಜಿಂಕೆ ನಿಂತಿದೆ ಅನ್ಕೋ, ಹೊಡೀಬಹುದಾ?" ಅಂತ ಕೇಳ್ತಿರಿ. ದಿಬ್ಬದ ನೆತ್ತಿ ಮೇಲೆ ಆಕಾಶಕ್ಕೆ ಅಂಟಿ ನಿಂತಿದ್ರೆ ಹೊಡೀಬಾರ್ದು, ಹಿಂದೆ ಮಣ್ಣಿಲ್ಲ, ಗುಂಡು ಎಲ್ಲಿಗೆ ಹೋಗತ್ತೋ ದೇವ್ರಿಗೇ ಗೊತ್ತು. ಹಿಂದೆ ಇನ್ನೊಂದು ಪ್ರಾಣಿ ಇದ್ರೆ, ದೂರದಲ್ಲಿ ರಸ್ತೆ ಇದ್ರೆ, ಪೊದೆ ಒಳಗೆ ಏನೋ ಅಲ್ಲಾಡ್ತು ಅಷ್ಟೇ ಆಗಿದ್ರೆ, ಇಲ್ಲ ಇಲ್ಲ ಇಲ್ಲ. ಇನ್ನೊಂದು, ರೈಫಲ್ ಸ್ಕೋಪ್‌ನ ಬೈನಾಕ್ಯುಲರ್ ಥರ ಬಳಸೋಕೆ ಯಾವತ್ತೂ ಬಿಡ್ಬೇಡಿ, "ಅದೇನದು ನೋಡಣ" ಅಂತ ಸ್ಕೋಪ್ ಎತ್ತಿದ್ರೆ ಅಲ್ಲಿರೋದು ಮನುಷ್ಯ ಆಗಿರ್ಬಹುದು.

ಈಗ ಗನ್. ಮಕ್ಕಳನ್ನ ಹಾಳು ಮಾಡೋದು ಗುಂಡು ಹಾರಿದಾಗ ಗನ್ ಭುಜಕ್ಕೆ ಕೊಡೋ ಒದೆತ ಮತ್ತು ಸದ್ದು, ಇವೆರಡೇ. ಅಪ್ಪನ ಹಳೇ ಮ್ಯಾಗ್ನಂ, ಅಂದ್ರೆ ಜಾಸ್ತಿ ಮದ್ದಿನ ಜೋರು ರೈಫಲ್, ಕೊಟ್ಟು ಭುಜಕ್ಕೆ ಒಂದ್ಸಲ ಜೋರಾಗಿ ಬಿತ್ತು ಅಂದ್ರೆ ಆಮೇಲೆ ಟ್ರಿಗರ್ ಒತ್ತೋ ಮುಂಚೇನೇ ಕಣ್ಣು ಮುಚ್ಚೋ ಅಭ್ಯಾಸ ಬಂದ್ಬಿಡತ್ತೆ, ಅದನ್ನ ಬಿಡಿಸೋಕೆ ವರ್ಷ ಬೇಕು. ಜಿಂಕೆಗೆ .243 ವಿಂಚೆಸ್ಟರ್ ಅನ್ನೋ ಸಣ್ಣ ಗುಂಡಿನ ರೈಫಲ್ ಸಾಕು, 1955ರಿಂದ ಇದೆ, ಒದೆತ ದೊಡ್ಡ ಗುಂಡಿನ .308ರ ಹೆಚ್ಚುಕಡಿಮೆ ಅರ್ಧ. ಸ್ವಲ್ಪ ದೊಡ್ಡ ಮಕ್ಳಿಗೆ 6.5 ಕ್ರೀಡ್‌ಮೋರ್ ಅನ್ನೋ ಗುಂಡಿನದು ಚೆನ್ನಾಗಿದೆ. ಕೆಲವು ಕಡೆ ಕ್ಯಾಲಿಬರ್‌ಗೂ, ಅಂದ್ರೆ ಗುಂಡಿನ ದಪ್ಪಕ್ಕೂ, ಕನಿಷ್ಠ ಮಿತಿ ಇದೆ, ಕೊಲರಾಡೊದಲ್ಲಿ .24 ಇಂಚಿಗಿಂತ ಚಿಕ್ಕದು ನಡೆಯಲ್ಲ, ಎಲ್ಕ್‌ಗೆ ಬುಲೆಟ್ ತೂಕ 85 ಗ್ರೇನ್ (ಸುಮಾರು ಐದೂವರೆ ಗ್ರಾಂ) ಆದ್ರೂ ಇರ್ಬೇಕು, ಹಾಗಾಗಿ ನಿಮ್ಮ ಜಾಗದ ರೂಲ್ ಬುಕ್ ನೋಡಿ ತಗೊಳಿ. ಕ್ಯಾಲಿಬರ್‌ಗಿಂತ ಮುಖ್ಯ ಸ್ಟಾಕ್, ಅಂದ್ರೆ ಭುಜಕ್ಕೆ ಒತ್ತಿ ಹಿಡಿಯೋ ಹಿಂಭಾಗದ, ಉದ್ದ, ಮಗು ಕೈಗೆ ಉದ್ದ ಆದ್ರೆ ಕತ್ತು ಚಾಚಿ ಚಾಚಿ ನೋಡತ್ತೆ, ಕಣ್ಣು ಸ್ಕೋಪ್‌ಗೆ ಹತ್ರ ಹೋಗತ್ತೆ, ಒದ್ದಾಗ ಸ್ಕೋಪಿನ ಅಂಚು ಹುಬ್ಬಿಗೆ ಬಡಿದು ರಕ್ತ ಬರತ್ತೆ. ಮಕ್ಕಳ ಅಳತೆಯ ಯೂತ್ ಸ್ಟಾಕ್ ಇರೋದು ತಗೊಳಿ, ಇಲ್ಲಾ ಮಧ್ಯೆ ಕೂರಿಸಿರೋ ಸ್ಪೇಸರ್ ತುಂಡು ತೆಗೆದು ಗಿಡ್ಡ ಮಾಡ್ಬಹುದಾದದ್ದು. ಕಿವಿಗೆ ಎರಡು ಪದರ, ಒಳಗೆ ಪ್ಲಗ್, ಹೊರಗೆ ಕಿವಿ ಪೂರ್ತಿ ಮುಚ್ಚೋ ಮಫ್. 140 ಡೆಸಿಬೆಲ್ ದಾಟಿದ ಸದ್ದು ಒಂದೇ ಸಲಕ್ಕೆ ಕಿವಿಗೆ ಖಾಯಂ ಹಾನಿ ಮಾಡ್ಬಹುದು, ರೈಫಲ್ ಅದನ್ನ ಆರಾಮಾಗಿ ದಾಟತ್ತೆ. ಬೇಟೆ ದಿನಕ್ಕೆ ಎಲೆಕ್ಟ್ರಾನಿಕ್ ಮಫ್ ಇದ್ರೆ ನಿಮ್ಮ ಪಿಸುಮಾತೂ ಕೇಳತ್ತೆ, ಈಡಿನ ಸದ್ದೂ ತಗ್ಗತ್ತೆ, ದುಡ್ಡು ಹಾಕೋದಾದ್ರೆ ಇದಕ್ಕೆ ಹಾಕಿ. ಕಾಡಿನ ಬಣ್ಣದಲ್ಲಿ ಬೆರೆಯೋ ಕ್ಯಾಮೊ ಬಟ್ಟೆಗೆ ಸುರಿಯೋ ದುಡ್ಡು ಮಾತ್ರ ವೇಸ್ಟು, ಮಗು ಮುಂದಿನ ವರ್ಷಕ್ಕೆ ನಾಲ್ಕಿಂಚು ಬೆಳೆದಿರತ್ತೆ.

ಪ್ರಾಕ್ಟೀಸು .22 ಅನ್ನೋ ಪುಟ್ಟ ಗುಂಡಿನ ರೈಫಲ್ಲಿಂದ ಶುರು ಮಾಡಿ, ಒದೆತ ಇಲ್ಲ, ಗುಂಡು ಅಗ್ಗ. ಅದರ ಜೊತೆ ಮನೇಲಿ ಡ್ರೈ ಫೈರ್, ಅಂದ್ರೆ ಖಾಲಿ ರೈಫಲ್. ಗುಂಡುಗಳು ಬೇರೆ ರೂಮಲ್ಲಿರ್ಬೇಕು, ಗುಂಡು ಕೂರೋ ಚೇಂಬರ್ ಖಾಲಿ ಇದೆ ಅಂತ ನೀವೂ ನೋಡಿ ಮಗುನೂ ನೋಡ್ಬೇಕು, ಸ್ನ್ಯಾಪ್ ಕ್ಯಾಪ್, ಅಂದ್ರೆ ಡಮ್ಮಿ ಗುಂಡು, ಹಾಕಿ. ನಳಿಗೆ ತುದಿ ಮೇಲೆ ಒಂದು ನಾಣ್ಯ ಇಡಿ. ಮಗು ಅರ್ಧ ಉಸಿರು ಬಿಟ್ಟು ತಡೆದು ಟ್ರಿಗರ್‌ನ ನಿಧಾನಕ್ಕೆ ಹಿಂದಕ್ಕೆ ಒತ್ತತ್ತೆ, ಟಕ್ ಅನ್ನತ್ತೆ, ನಾಣ್ಯ ಬೀಳ್ಬಾರ್ದು. ಮೊದ್ಲು ಬೀಳತ್ತೆ, ಬೀಳ್ಲಿ. ದಿನಾ ಸ್ವಲ್ಪ ಹೊತ್ತು ಮಾಡಿದ್ರೆ ಬೆರಳಿಗೆ ತಾನಾಗೇ ಹದ ಸಿಗತ್ತೆ.

ರೇಂಜಲ್ಲಿ ಬೆಂಚ್ ಮೇಲೆ ಕೂತು ಹೊಡೆಯೋದನ್ನ ನಂಬಿ ಕೂರ್ಬೇಡಿ, ಕಾಡಲ್ಲಿ ಬೆಂಚ್ ಇರಲ್ಲ. ಜಿಂಕೆಯ ಹೃದಯ ಶ್ವಾಸಕೋಶದ ಜಾಗ ಸುಮಾರು ಊಟದ ಪೇಪರ್ ಪ್ಲೇಟಷ್ಟು, ಅದನ್ನೇ ಗುರಿ ಮಾಡಿ, ರೈಫಲ್ ಊರೋ ಕೋಲುಗಳಾದ ಶೂಟಿಂಗ್ ಸ್ಟಿಕ್ಸ್ ಮೇಲೆ, ಮಂಡಿಯೂರಿ, ಮರಕ್ಕೆ ಒರಗಿ ಹೊಡೆಸಿ. ಯಾವ ದೂರದವರೆಗೆ ಒಂದೂ ತಪ್ಪದೆ ಎಲ್ಲಾ ಪ್ಲೇಟ್ ಒಳಗೆ ಬೀಳತ್ತೋ ಅದೇ ಆ ಮಗುವಿನ ಗಡಿ, 80 ಮೀಟರ್ ಅಂದ್ರೆ 80, ಬೇಟೆ ದಿನ 100ರಲ್ಲಿ ಎಷ್ಟೇ ದೊಡ್ಡ ಕೊಂಬಿಂದು ನಿಂತಿದ್ರೂ ಬಿಡ್ಬೇಕು. ಫಿನ್‌ಲ್ಯಾಂಡ್‌ನಲ್ಲಿ ಮೂಸ್ ಹೊಡೀಬೇಕು ಅಂದ್ರೆ ಪರೀಕ್ಷೆನೇ ಇದೆ, 75 ಮೀಟರ್ ದೂರದ 23 ಸೆಂ.ಮೀ. ವೃತ್ತದೊಳಗೆ ನಾಲ್ಕಕ್ಕೆ ನಾಲ್ಕೂ ಬೀಳ್ಬೇಕು. ಒಂದು ಹೊರಗೆ ಹೋದ್ರೂ ಫೇಲು. ನನ್ ಪ್ರಕಾರ ಆ ಪರೀಕ್ಷೆ ಎಲ್ಲಾ ಕಡೆ ಇರ್ಬೇಕಿತ್ತು.

ಇನ್ನೂ ಒಂದು ವಿಷ್ಯ ಇದೆ, ಗುರಿಗಿಂತ ದೊಡ್ಡದು. ಹೊಡೀದೇ ಇರೋ ಹಕ್ಕು ಮಗುಗೆ ಇದೆ ಅನ್ನೋದನ್ನ ಬೇಟೆಗೆ ಹೋಗೋ ಮುಂಚೇನೇ ಬಾಯಿಬಿಟ್ಟು ಹೇಳಿ. "ಪುಟ್ಟ, ಅಲ್ಲಿ ಹೋದ್ಮೇಲೆ ನಿಂಗೆ ಬೇಡ ಅನ್ಸಿದ್ರೆ ಬೇಡ ಅನ್ನು, ಯಾಕೆ ಅಂತ ನಾನು ಕೇಳಲ್ಲ" ಅಂತ. ಹೇಳಿದ್ಮೇಲೆ ನಿಜವಾಗ್ಲೂ ಕೇಳ್ಬಾರ್ದು, ಮುಖ ಸಪ್ಪಗೆ ಮಾಡ್ಕೊಂಡು ಕೂರೋದೂ ಕೇಳಿದ ಹಾಗೇನೇ. ಮಗು ಗುರಿ ಇಟ್ಟಿರುವಾಗ ಕಿವಿ ಹತ್ರ "ಹೊಡಿ ಹೊಡಿ, ಹೋಗ್ತಿದೆ ನೋಡು" ಅನ್ನೋ ಅಪ್ಪಂದಿರೇ ಗಾಯಗೊಂಡು ತಪ್ಪಿಸ್ಕೊಂಡು ಹೋಗೋ ಪ್ರಾಣಿಗಳಿಗೆ ಅರ್ಧ ಕಾರಣ. ನೀವು ಹೇಳ್ಬೇಕಾದ್ದು ಒಂದೇ, "ನಿನಗೆ ಸರಿ ಅನ್ಸಿದಾಗ." ಆಮೇಲೆ ಬಾಯ್ಮುಚ್ಕೊಂಡಿರಿ.

ಯಾಕೆ ಕೊಲ್ಬೇಕು ಅಂತ ಮಗು ಕೇಳೇ ಕೇಳತ್ತೆ, ಕೇಳದಿದ್ರೇನೇ ಯೋಚನೆ ಮಾಡ್ಬೇಕು. ಉತ್ತರ ರೆಡಿ ಇರ್ಲಿ, ಆದ್ರೆ ಪಾಠ ಒಪ್ಪಿಸೋ ಥರ ಬೇಡ. ತೋಳ, ಪ್ಯೂಮಾ ಇಲ್ಲದ ಕಡೆ ಜಿಂಕೆ ಮಿತಿಮೀರಿದ್ರೆ ಚಿಗುರೆಲ್ಲ ತಿಂದು ಕಾಡು ಮೇಲೇಳಲ್ಲ ಅನ್ನೋದು ನಿಜ, ಅಮೆರಿಕದಲ್ಲಿ 1937ರ ಪಿಟ್‌ಮನ್ ರಾಬರ್ಟ್‌ಸನ್ ಕಾಯ್ದೆ ಪ್ರಕಾರ ರೈಫಲ್, ಗುಂಡುಗಳ ಮೇಲಿನ 11% ತೆರಿಗೆ ವನ್ಯಜೀವಿ ಕೆಲಸಕ್ಕೆ ಹೋಗತ್ತೆ ಅನ್ನೋದೂ ನಿಜ. ಆದ್ರೂ ನೀವು ಹೋಗ್ತಿರೋದು ಕಾಡು ಉದ್ಧಾರ ಮಾಡೋಕಲ್ಲ, ಮಾಂಸಕ್ಕೆ, ಕಾಡಿನ ಖುಷಿಗೆ, ಅದನ್ನೂ ಸೇರಿಸೇ ಹೇಳಿ. ಮಕ್ಳಿಗೆ ಅರ್ಧ ಸತ್ಯ ಬೇಗ ಗೊತ್ತಾಗತ್ತೆ.

ಬೇಟೆ ದಿನದ ತಯಾರಿ ಜಾಸ್ತಿ ಏನಿಲ್ಲ. ಒಳಗೆ ಹತ್ತಿ ಬಟ್ಟೆ ಬೇಡ, ಬೆವರು ಹೀರ್ಕೊಂಡು ತಣ್ಣಗಾಗತ್ತೆ, ಉಣ್ಣೆ ಹಾಕಿ. ಹೆಚ್ಚುವರಿ ಸಾಕ್ಸು, ಗ್ಲೌಸು, ತಿಂಡಿ, ಟಾರ್ಚು. ಕಿತ್ತಳೆ ಜಾಕೆಟ್ಟು ಟೋಪಿ ಮರೀಬೇಡಿ, ಕೊಲರಾಡೊದಲ್ಲಿ ರೈಫಲ್ ಸೀಸನ್ನಲ್ಲಿ ಸೊಂಟದ ಮೇಲೆ 500 ಚದರ ಇಂಚು ಹೊಳೆಯೋ ಕಿತ್ತಳೆ ಅಥವಾ ಗುಲಾಬಿ ಕಡ್ಡಾಯ, ಕ್ಯಾಮೊ ಡಿಸೈನ್ ಇರೋ ಕಿತ್ತಳೆ ಲೆಕ್ಕಕ್ಕಿಲ್ಲ. ಮರದ ಮೇಲಿನ ಮಚಾನಿಗಿಂತ ನೆಲದ ಮೇಲಿನ ಬ್ಲೈಂಡ್, ಅಂದ್ರೆ ಮರೆಯಾಗಿ ಕೂರೋ ಗೂಡು, ವಾಸಿ, ಅಲ್ಲಾಡಿದ್ರೂ ಕಾಣಲ್ಲ, ಬೀಳೋ ಭಯ ಇಲ್ಲ, ಮರ ಹತ್ಲೇಬೇಕು ಅಂದ್ರೆ ನೆಲ ಬಿಟ್ಟ ಕ್ಷಣದಿಂದ ಬೀಳದ ಹಾಗೆ ಹಿಡಿಯೋ ಹಾರ್ನೆಸ್ ಬೆಲ್ಟು. ಲೋಡ್ ಆಗಿರೋ ರೈಫಲ್ ಹಿಡ್ಕೊಂಡು ಮಗು ನಡೆಯೋದು ಬೇಡ, ಜಾಗಕ್ಕೆ ಹೋಗಿ ಕೂತ್ಮೇಲೆ ಲೋಡ್ ಮಾಡಿ. ಚಳಿ ಆಗ್ತಿದೆ ಅಂದ್ರೆ ಎದ್ದು ವಾಪಸ್ ಬನ್ನಿ, ಇನ್ನರ್ಧ ಗಂಟೆ ಅನ್ನೋ ಆಸೆ ಬೇಡ.

ಪ್ರಾಣಿ ಪೂರ್ತಿ ಅಡ್ಡಲಾಗಿ ನಿಂತಾಗ ಮಾತ್ರ ಈಡು. ಮುಂಗಾಲಿನ ಹಿಂದೆ, ಎದೆಯ ಕೆಳಗಿಂದ ಮೂರನೇ ಒಂದು ಭಾಗ ಮೇಲಕ್ಕೆ. ಎದುರು ಮುಖ ಮಾಡಿರೋದು, ಬೆನ್ನು ತೋರಿಸ್ಕೊಂಡು ಹೋಗ್ತಿರೋದು, ಓಡ್ತಿರೋದು ಮಕ್ಳಿಗಲ್ಲ. ಹೊಡೆದ ತಕ್ಷಣ ಬೋಲ್ಟ್ ಎಳೆದು ಇನ್ನೊಂದು ಗುಂಡು ಒಳಗೆ, ಸೇಫ್ಟಿ ಆನ್, ಕಣ್ಣು ಪ್ರಾಣಿ ಮೇಲೇ. ಶ್ವಾಸಕೋಶಕ್ಕೆ ಸರಿಯಾಗಿ ಬಿದ್ರೂ ಜಿಂಕೆ ಅಲ್ಲೇ ಬೀಳಲ್ಲ, ಐವತ್ತು ನೂರು ಮೀಟರ್ ಓಡ್ಬಹುದು, ಇದನ್ನ ಮೊದ್ಲೇ ಹೇಳಿರ್ಬೇಕು, ಇಲ್ಲಾಂದ್ರೆ ತಪ್ಪೋಯ್ತು ಅಂತ ಮಗು ಅಳೋಕೆ ಶುರು ಮಾಡತ್ತೆ. ಎಲ್ಲಿ ನಿಂತಿತ್ತು, ಯಾವ ಮರದ ಪಕ್ಕ ಮಾಯ ಆಯ್ತು ಅಂತ ಮಗು ಬಾಯಲ್ಲೇ ಹೇಳಿಸಿ. ಅರ್ಧ ಗಂಟೆ ಕಾಯಿರಿ. ಆಮೇಲೆ ರಕ್ತ ನೋಡಿ: ತಿಳಿ ಕೆಂಪು, ನೊರೆ ನೊರೆ ಇದ್ರೆ ಶ್ವಾಸಕೋಶ, ದೂರ ಇರಲ್ಲ. ಕಪ್ಪಗಿದ್ರೆ ಲಿವರ್, ಮೂರು ನಾಲ್ಕು ಗಂಟೆ ಕಾಯ್ಬೇಕು. ಹಸಿರು, ಮೇವಿನ ಚೂರು, ವಾಸನೆ ಇದ್ರೆ ಹೊಟ್ಟೆಗೆ ಬಿದ್ದಿದೆ, ಆರು ಗಂಟೆಗೂ ಜಾಸ್ತಿ ಬಿಡ್ಬೇಕು, ಬೇಗ ಹೋದ್ರೆ ಎದ್ದು ಓಡತ್ತೆ. ಹುಡುಕೋ ಕೆಲಸದಲ್ಲಿ ಮಗುನೇ ಮುಂದೆ ಇರ್ಲಿ, ರೈಫಲ್ ನಿಮ್ಮ ಕೈಲಿ. ಸಿಕ್ಕಾಗ ಬೆನ್ನಿನ ಕಡೆಯಿಂದ ಹೋಗಿ, ಉದ್ದ ಕಡ್ಡಿಯಿಂದ ಕಣ್ಣು ಮುಟ್ಟಿ ನೋಡಿ, ರೆಪ್ಪೆ ಅಲ್ಲಾಡ್ಲಿಲ್ಲ ಅಂದ್ರೆ ಸತ್ತಿದೆ.

ಆಗ ಮಗು ನಗ್ಬಹುದು, ಅಳ್ಬಹುದು, ಎರಡೂ ಒಟ್ಟಿಗೆ ಬರ್ಬಹುದು. ಫೋನ್ ಜೇಬಲ್ಲಿರ್ಲಿ. "ಗಂಡಸಾಗು", "ಅಳ್ಬಾರ್ದು" ಅಂತೆಲ್ಲ ಅಂದು ಕೆಡಿಸ್ಬೇಡಿ, ಸುಮ್ನೆ ಪಕ್ಕದಲ್ಲಿ ಕೂತ್ಕೊಳಿ, ಮಗು ಮುಟ್ಟಬೇಕು ಅಂದ್ರೆ ಮುಟ್ಲಿ, ಮೈ ಇನ್ನೂ ಬಿಸಿ ಇರತ್ತೆ, ಕೂದಲು ಅನ್ಕೊಂಡಿದ್ದಕ್ಕಿಂತ ಒರಟು.

ಆಮೇಲೆ ಹಸಿಗೆ ಕೆಲಸ, ಅಂದ್ರೆ ಕೊಯ್ದು ಸೀಳೋದು. ಮೊದಲು ಕಾನೂನು ಹೇಳಿದ ಹಾಗೆ ಲೈಸೆನ್ಸಿನ ಟ್ಯಾಗ್ ಪ್ರಾಣಿಗೆ ಕಟ್ಟಿ. ಕರುಳು ಬೇಗ ತೆಗೆದು ಮೈ ತಣ್ಣಗೆ ಮಾಡ್ಬೇಕು, ಚಾಕು ನೀವೇ ಹಿಡೀರಿ, ಮಗು ಕಾಲು ಅಗಲ ಹಿಡ್ಕೊಳ್ಲಿ, ಇಬ್ಬರಿಗೂ ಗ್ಲೌಸ್. ಹೃದಯ ಯಾವುದು, ಗುಂಡು ಎಲ್ಲಿ ಹೋಗಿದೆ ತೋರ್ಸಿ. ಸೀಸದ ಬುಲೆಟ್ ಆದ್ರೆ ಚೂರುಗಳು ಗಾಯದಿಂದ ಸಾಕಷ್ಟು ದೂರ ಹರಡಿರತ್ತೆ, ಸುತ್ತಲಿನ ಮಾಂಸ ಧಾರಾಳವಾಗಿ ಕತ್ತರಿಸಿ ಬಿಸಾಕಿ, ಮನೇಲಿ ಚಿಕ್ಕ ಮಕ್ಳು ತಿನ್ನೋದಿದ್ರೆ ಮೊದ್ಲೇ ತಾಮ್ರದ ಬುಲೆಟ್ ಬಳಸೋದೇ ಒಳ್ಳೇದು. ಸಿಡಬ್ಲ್ಯೂಡಿ ಅನ್ನೋ, ಜಿಂಕೆ ಜಾತಿಯ ಮೆದುಳು ಕೆಡಿಸೋ ಕಾಯಿಲೆ ಇರೋ ಪ್ರದೇಶ ಆದ್ರೆ ತಲೆ ಟೆಸ್ಟಿಗೆ ಕೊಡಿ. 1967ರಲ್ಲಿ ಕೊಲರಾಡೊದಲ್ಲಿ ಮೊದಲು ಕಂಡ ಇದು ಮನುಷ್ಯರಿಗೆ ಬಂದಿರೋ ದಾಖಲೆ ಇಲ್ಲ, ಆದ್ರೆ ಬೇಯಿಸಿದ್ರೂ ಸಾಯೋ ಥರದ್ದಲ್ಲ, ಪಾಸಿಟಿವ್ ಬಂದ್ರೆ ತಿನ್ಬೇಡಿ ಅಂತಲೇ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಸಲಹೆ. ರಿಪೋರ್ಟ್ ಬರೋವರೆಗೆ ಮಾಂಸನ ಬೇರೆ ಕವರಲ್ಲಿ ದಿನಾಂಕ ಬರೆದು ಫ್ರೀಜರಲ್ಲಿಡಿ, ಕವರ್ ಮೇಲೆ ಬರೆಯೋ ಕೆಲಸ ಮಗುಗೆ ಕೊಡಿ.